ದೀಪದ ಬೆಲೆ, ಕೈಯ ಬೆಲೆ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹರೂಪ. ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಬಹುದು.)



ಈಗ ತಾನೇ ನಾವು ದೀಪ ಹಚ್ಚಿ ಸಭೆ ಪ್ರಾರಂಭ ಮಾಡಿದೆವು. ಪ್ರತಿ ಸಲ ಇಲ್ಲಿ ಉದ್ದನೆಯ ಸಮೆ ಇಡುತ್ತೇವೆ. ಇವತ್ತು ಸಮೆ ಇಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬ ಅಕ್ಕ ನನ್ನನ್ನು ಮೆಲ್ಲಗೆ ಕೇಳಿದರು, “ಸಿಸ್ಟರ್, ಸಮೆ ಎಲ್ಲಿ ಹೋತ್ರಿ? ಇದೇನ ಆನಿ ಗೊಂಬಿ ಇಟ್ಟೀರಿ?” ಅಂತ. ಗೊಂಬೆ ಅಲ್ಲವ್ವ, ಇದೂ ದೀಪವೇ. ಆನೆ ಬೆನ್ನ ಮೇಲೆ ಸಣ್ಣ ಬಟ್ಟಲು ಇದೆ, ಅದರಲ್ಲಿ ಎಣ್ಣೆ, ಐದು ಬತ್ತಿ. ಇವತ್ತಿನ ನನ್ನ ಮಾತೆಲ್ಲ ಈ ದೀಪದ ಬಗ್ಗೆಯೇ. ಆದರೆ ಮಾತು ಕೊನೆಗೆ ಮುಟ್ಟುವುದು ನಿಮ್ಮ ಕೈಗೆ, ನಿಮ್ಮ ಲೆಕ್ಕದ ವಹಿಗೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ

ಬಹಳ ವರ್ಷಗಳ ಹಿಂದೆ ಒಂದು ದೊಡ್ಡ ಊರಿನಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ನಡೆದಿತ್ತು. ಅಲ್ಲಿ ಛತ್ತೀಸಗಡದ ಬಸ್ತರ್ ಎಂಬ ಆದಿವಾಸಿ ಪ್ರದೇಶದಿಂದ ಬಂದ ಗಂಡ-ಹೆಂಡತಿ ನೆಲದ ಮೇಲೆ ಚಾದರ ಹಾಸಿ ಇಂಥ ದೀಪ, ಗೊಂಬೆ ಇಟ್ಟುಕೊಂಡು ಕುಳಿತಿದ್ದರು. ಈ ದೀಪಕ್ಕೆ ಆತ 1,400 ರೂಪಾಯಿ ಹೇಳಿದ. ನಾನು, “ಹಳೇ ಹಿತ್ತಾಳಿ ತಾನೆ? ಇಷ್ಟು ಯಾಕಪ್ಪಾ?” ಎಂದು ಚೌಕಾಸಿ ಮಾಡಿ 900ಕ್ಕೆ ಇಳಿಸಿದೆ. ಹಿಂದೆ ಕುಳಿತಿದ್ದ ಆತನ ಹೆಂಡತಿ ತಮ್ಮ ಭಾಷೆಯಲ್ಲಿ ಏನೋ ಅಂದಳು. ಆತ ಮಾತಾಡದೆ ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ. ನಾನು 500 ರೂಪಾಯಿ ಉಳಿಸಿದೆ ಅಂತ ಬಸ್ಸಿನಲ್ಲಿ ಖುಷಿಯಿಂದ ಬಂದೆ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು, ಊರೂರು ತಿರುಗಿ “ಕೂಲಿ ಬಿಡಬೇಡಿ” ಅಂತ ಭಾಷಣ ಮಾಡುವವಳು ನಾನು!

ಆ ಹೆಣ್ಣುಮಗಳು ಏನು ಅಂದಿದ್ದಳೋ ನನಗೆ ಆವತ್ತು ತಿಳಿಯಲಿಲ್ಲ. ಈ ದೀಪ ಹೇಗೆ ಮಾಡುತ್ತಾರೆ ಎಂದು ತಿಳಿದುಕೊಂಡ ಮೇಲೆ ಅಂದಾಜಾಯಿತು.

ಈ ದೀಪ ಹುಟ್ಟುವುದು ಹೀಗೆ

ಇದಕ್ಕೆ ಡೋಕ್ರಾ ಕೆಲಸ ಅನ್ನುತ್ತಾರೆ. ಬಸ್ತರಿನ ಕೊಂಡಗಾಂವ್ ಸುತ್ತಮುತ್ತ ಘಡ್ವಾ ಎಂಬ ಜನ ಇದನ್ನು ತಲೆತಲಾಂತರದಿಂದ ಮಾಡುತ್ತಾರೆ. ಒಡಿಶಾ, ಪಶ್ಚಿಮ ಬಂಗಾಳ, ನಮ್ಮ ಪಕ್ಕದ ತೆಲಂಗಾಣದ ಆದಿಲಾಬಾದ್ ಕಡೆಯೂ ಇದನ್ನು ಮಾಡುವವರು ಇದ್ದಾರೆ.

ಮೊದಲು ಮಣ್ಣು ತರಬೇಕು. ಅದನ್ನು ಸೋಸಿ, ಭತ್ತದ ಹೊಟ್ಟು, ಸೆಗಣಿ ಸೇರಿಸಿ ಚೆನ್ನಾಗಿ ತುಳಿದು, ಆನೆಯ ಒರಟು ಆಕಾರ ಮಾಡಿ ಒಣಗಿಸುತ್ತಾರೆ. ಒಣಗಿದ ಮೇಲೆ ಅವರೆ ಜಾತಿಯ ಬಳ್ಳಿಯ ಎಲೆ ತಿಕ್ಕುತ್ತಾರೆ. ಹಾಗೆ ಮಾಡಿದರೆ ಮೈ ನುಣುಪಾಗಿ ಮೇಣ ಹಿಡಿಯುತ್ತದೆ.

ಆಮೇಲೆ ಜೇನುಮೇಣ ಕಾಯಿಸಿ, ಸೋಸಿ, ಹದ ಮಾಡಿ, ಸಣ್ಣ ತೂತಿನ ಒತ್ತುಮಣೆಯಲ್ಲಿ ಹಾಕಿ ಎಳೆ ತೆಗೆಯುತ್ತಾರೆ. ನಾವು ಬೇಸಿಗೆಯಲ್ಲಿ ಶಾವಿಗೆ ಒತ್ತುತ್ತೇವಲ್ಲ, ಥೇಟ್ ಹಾಗೇ. ಆ ಎಳೆಗಳನ್ನು ಒಂದರ ಪಕ್ಕ ಒಂದು ಮಣ್ಣಿನ ಆನೆಗೆ ಸುತ್ತಬೇಕು. ಇಲ್ಲಿ ಹತ್ತಿರ ಬಂದು ನೋಡಿ. ಆನೆ ಮೈಮೇಲೆ ದಾರ ಸುತ್ತಿದಂತೆ ಗೆರೆ ಕಾಣುತ್ತದೆ, ಇದು ಆ ಮೇಣದ ಎಳೆಯ ಗುರುತು. ಕಿವಿ, ಗೆಜ್ಜೆ, ಜೂಲು, ಎಲ್ಲವೂ ಮೊದಲು ಮೇಣದಲ್ಲೇ ಆಗಬೇಕು. ಹಿತ್ತಾಳೆಯಲ್ಲಿ ಇವತ್ತು ಕಾಣುವ ಒಂದೊಂದು ಗೆರೆಯನ್ನೂ ಒಬ್ಬರ ಬೆರಳು ಮೇಣದಲ್ಲಿ ಎಳೆದಿದೆ.

ಆ ಮೇಲೆ ಮತ್ತೆ ಮಣ್ಣು. ಮೊದಲ ಪದರ ಇದ್ದಿಲಿನ ಪುಡಿ ಕಲಸಿದ ನಯ ಮಣ್ಣು, ತೆಳ್ಳಗೆ. ಅದರ ಮೇಲೆ ಹುತ್ತದ ಮಣ್ಣು, ದಪ್ಪಗೆ. ಹಿತ್ತಾಳೆ ಹೋಗಲು ಒಂದು ದಾರಿ ಬಿಡುತ್ತಾರೆ. ಇದನ್ನು ಭಟ್ಟಿಯಲ್ಲಿ ಸುಟ್ಟಾಗ ಒಳಗಿನ ಮೇಣ ಕರಗಿ ಹೋಗಿ ಅಲ್ಲಿ ಜಾಗ ಖಾಲಿ ಬೀಳುತ್ತದೆ. ಕರಗಿಸಿದ ಹಿತ್ತಾಳೆ ಆ ಖಾಲಿ ಜಾಗಕ್ಕೆ ಇಳಿಯುತ್ತದೆ. ಹೆಚ್ಚಾಗಿ ಮುರುಕು ತಂಬಿಗೆ, ತಟ್ಟೆ, ಇಂಥ ಹಳೇ ಹಿತ್ತಾಳೆಯೇ. ಕಬ್ಬಿನ ಗಾಣದಲ್ಲಿ ಬೆಲ್ಲದ ಹದ ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಲ್ಲಿಯೂ ಹಾಗೇ. ಹದ ತಪ್ಪಿದರೆ, ಹೊಯ್ಯುವಾಗ ಮಧ್ಯೆ ನಿಂತರೆ, ಒಳಗೆ ಗಾಳಿ ಉಳಿದರೆ, ಆನೆಗೆ ಕಾಲು ಇಲ್ಲ, ಸೊಂಡಿಲು ಇಲ್ಲ. ಮತ್ತೆ ಮಣ್ಣು ಕಲಸುವುದರಿಂದ ಸುರು. ಕೆಟ್ಟ ಎರಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ತಣ್ಣಗಾದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಬೇಕು. ಅಚ್ಚು ಒಡೆದು ಹೋಯಿತು ಅಂದರೆ ಅದರಲ್ಲಿ ಇನ್ನೊಂದು ದೀಪ ಬರುವುದಿಲ್ಲ. ಒಂದು ದೀಪಕ್ಕೆ ಒಂದೇ ಅಚ್ಚು. ಅದಕ್ಕೇ ಒಂದರಂತೆ ಇನ್ನೊಂದು ಇರುವುದಿಲ್ಲ. ಕೊನೆಗೆ ಅರದಿಂದ ಉಜ್ಜಿ, ತಂತಿ ಬ್ರಷ್‌ನಿಂದ ತಿಕ್ಕಿ ಹೊಳಪು ತರುತ್ತಾರೆ. ಮಣ್ಣು ಒಣಗಲು ಬಿಡುವ ದಿನ ಎಲ್ಲ ಸೇರಿಸಿದರೆ ವಾರಗಟ್ಟಲೆ ಕೆಲಸ.

ಈಗ ಹೇಳಿ, ಇದು “ಹಳೇ ಹಿತ್ತಾಳಿ ತಾನೆ?”

ಇದು ನಮ್ಮ ನಾಡಿನ ವಿದ್ಯೆಯೂ ಹೌದು

ಕಾಡಿನ ಜನರ ಈ ವಿದ್ಯೆಯನ್ನು ಸಣ್ಣದು ಅಂದುಕೊಳ್ಳಬೇಡಿ. 1926ರಲ್ಲಿ ಮೊಹೆಂಜೊದಾರೋದಲ್ಲಿ ಅಗೆದಾಗ ಸಿಕ್ಕ ಕುಣಿಯುವ ಹುಡುಗಿಯ ಕಂಚಿನ ಬೊಂಬೆ, ಒಂದು ಗೇಣಿಗಿಂತ ಸಣ್ಣದು, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು, ಇದೇ ಮೇಣದ ಎರಕದಿಂದ ಆದದ್ದು. ಇವತ್ತು ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ.

ಅಷ್ಟು ದೂರ ಯಾಕೆ, ನಮ್ಮ ಈ ಭಾಗವನ್ನೂ ಆಳಿದ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥದಲ್ಲಿ ಈ ಎರಕದ ಕ್ರಮ ಇದೆ. ಕಲ್ಯಾಣ ಅಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಆ ಕ್ರಮದ ಹೆಸರು ಮಧೂಚ್ಛಿಷ್ಟ ವಿಧಾನ. ಮಧು ಅಂದರೆ ಜೇನು, ಉಚ್ಛಿಷ್ಟ ಅಂದರೆ ಉಳಿದದ್ದು. ಜೇನು ಹಿಂಡಿದ ಮೇಲೆ ಉಳಿಯುವ ಮೇಣ. ಮಣ್ಣನ್ನು ಮೂರು ಸಲ ಬಳಿಯಬೇಕು, ಮೊದಲ ಪದರ ತೆಳ್ಳಗಿರಬೇಕು, ನೆರಳಿನಲ್ಲಿ ಒಣಗಿಸಬೇಕು ಎಂದೆಲ್ಲ ಅದರಲ್ಲಿ ಹೇಳಿದೆ. ಇವತ್ತಿಗೂ ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಮೇಣದಿಂದಲೇ ದೇವರ ಮೂರ್ತಿ ಎರಕ ಹೊಯ್ಯುವವರು ಇದ್ದಾರೆ.

ಆ ಗ್ರಂಥದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು. ಮಣ್ಣು ಬಳಿಯುವ ಮೊದಲೇ ಮೇಣವನ್ನು ತೂಕ ಮಾಡಿ ಇಟ್ಟುಕೊಳ್ಳಬೇಕು ಅನ್ನುತ್ತದೆ. ಯಾಕೆ? ಮೇಣ ಎಷ್ಟಿತ್ತು ಅಂತ ಗೊತ್ತಿದ್ದರೆ ಹಿತ್ತಾಳೆ ಎಷ್ಟು ಬೇಕು ಅಂತ ಲೆಕ್ಕ ಸಿಗುತ್ತದೆ, ಮೇಣದ ಸುಮಾರು ಎಂಟರಿಂದ ಹತ್ತು ಪಟ್ಟು. ಒಮ್ಮೆ ಮಣ್ಣಿನೊಳಗೆ ಹೋಯಿತು ಅಂದರೆ ಮೇಣ ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ಕರಗಿಯೇ ಹೋಗುತ್ತದೆ. ಆದ್ದರಿಂದ ಕರಗಿ ಹೋಗುವುದನ್ನು ಮೊದಲೇ ತೂಗಿ ಬರೆದುಕೋ.

ಅಕ್ಕಂದಿರಾ, ಈ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಕೆಲಸದಲ್ಲಿ ಕರಗಿ ಹೋಗುವುದು ಯಾವುದು? ಬಟ್ಟೆ ಕಾಣುತ್ತದೆ, ದಾರ ಕಾಣುತ್ತದೆ. ನೀವು ಕುಳಿತ ತಾಸು ಮಾತ್ರ ಕಾಣುವುದಿಲ್ಲ.

ಕೌದಿಯ ಲೆಕ್ಕ

ರಾಯಬಾಗ ಕಡೆಯ ಒಬ್ಬ ತಾಯಿ ಬಹಳ ಚೆಂದ ಕೌದಿ ಹೊಲಿಯುತ್ತಾರೆ. ಒಮ್ಮೆ ಅವರ ಕೌದಿಯನ್ನು ನಮ್ಮ ಮಳಿಗೆಯಲ್ಲಿ ಇಟ್ಟಿದ್ದೆವು. 1,500 ರೂಪಾಯಿ ಹೇಳಿದೆವು. ಕಾರಿನಲ್ಲಿ ಬಂದ ಒಬ್ಬ ಹೆಣ್ಣುಮಗಳು, “ಹಳೇ ಸೀರಿ ತಾನೆ? ಇಷ್ಟು ಯಾಕ?” ಅಂದಳು. ನನ್ನ ಎದೆ ಧಸ್ ಅಂತು. ನಾನು ಆವತ್ತು ಆಡಿದ ಮಾತೇ ತಿರುಗಿ ಬಂದಿತ್ತು. ಕೊನೆಗೆ 1,200ಕ್ಕೆ ಹೋಯಿತು.

ಆ ತಾಯಿಗೆ ಸಂತೋಷ. “ಸಿಸ್ಟರ್, ನನಗ 890 ಲಾಭ ಆತು” ಅಂದರು. ನಾವು ಕೂತು ಬರೆದೆವು.

ಅಂಚಿಗೆ ಹೊಸ ಬಟ್ಟೆ 150, ದಾರ 100, ಬಸ್ಸಿನ ಖರ್ಚು 60. ಒಟ್ಟು 310. ಹಳೇ ಸೀರೆಗಳಿಗೆ ಬೆಲೆ ಹಿಡಿಯಲೇ ಇಲ್ಲ. 1,200ರಲ್ಲಿ 310 ಕಳೆದರೆ 890. ಅಲ್ಲಿಗೆ ಅವರ ಲೆಕ್ಕ ಮುಗಿದಿತ್ತು.

ನಾನು ಕೇಳಿದೆ, “ಎಷ್ಟು ದಿನ ಹಿಡೀತವ್ವ?”

“ಹದಿನಾಲ್ಕು ದಿನ ಆಗಿರಬೇಕ್ರಿ. ಮಧ್ಯಾಹ್ನ ಎರಡ ತಾಸು, ರಾತ್ರಿ ಎಲ್ಲಾರೂ ಉಂಡ ಮ್ಯಾಲೆ ಎರಡ ತಾಸು.”

ದಿನಕ್ಕೆ ನಾಲ್ಕು ತಾಸು, 14 ದಿನ. ಒಟ್ಟು 56 ತಾಸು. ಎಂಟು ತಾಸಿಗೆ ಒಂದು ದಿನದ ಕೂಲಿ ಅಂದರೆ ಏಳು ದಿನದ ಕೆಲಸ. 890ನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 127 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಮಣ್ಣು ಹೊರುವ ಕೆಲಸಕ್ಕೆ 370. ಊರಲ್ಲಿ ನಾಲ್ಕು ಮಂದಿಗೆ ಮಾತ್ರ ಬರುವ ಕುಸುರಿ ಕೆಲಸಕ್ಕೆ 127! ಆ 370ರ ಕೂಲಿ ಹಿಡಿದರೆ ಏಳು ದಿನಕ್ಕೆ 2,590, ಮೇಲೆ ಖರ್ಚು 310. ಕೌದಿಯ ಬೆಲೆ 2,900 ಆಗಬೇಕಿತ್ತು. ಸಂಘದಿಂದ ಸಾಲ ತಂದಿದ್ದರೆ ಅದರ ಬಡ್ಡಿ ಬೇರೆ.

ಆ ತಾಯಿ ಸುಮ್ಮನೆ ಕುಳಿತರು. ಆಮೇಲೆ ಕೇಳಿದರು, “ಮನ್ಯಾಗ ಕುಂತ ಮಾಡೂದಕ್ಕ ಎಂಥಾ ಪಗಾರರಿ ಸಿಸ್ಟರ್?”

ಇದೇ ಮಾತನ್ನು ನಾನು ಐದೂ ತಾಲೂಕಿನಲ್ಲಿ ಕೇಳಿದ್ದೇನೆ. ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕಂದಿರಿಗೆ ಸಾವಿರ ಬೀಡಿಗೆ ಎಷ್ಟು ಅನ್ನುವುದು ಬಾಯಿಪಾಠ. ಕಬ್ಬಿನ ಹೊಲಕ್ಕೆ ಹೋಗುವವರಿಗೆ ದಿನದ ಕೂಲಿ ಗೊತ್ತು. ಆದರೆ ಅದೇ ಹೆಣ್ಣುಮಗಳು ಮನೆಯಲ್ಲಿ ಕುಳಿತು ಹಪ್ಪಳ, ಶಾವಿಗೆ, ಚಟ್ನಿಪುಡಿ, ಕೌದಿ ಮಾಡಿದಾಗ ಅವಳ ಕೈಗೆ ಬೆಲೆ ಇಲ್ಲ. ಹೊಲದಲ್ಲಿ ಮಾಲೀಕ ಕೂಲಿ ಕಡಿಮೆ ಕೊಟ್ಟರೆ ಜಗಳ ತೆಗೆಯುತ್ತೇವೆ. ನಮ್ಮ ಕೂಲಿಯನ್ನು ನಾವೇ ನುಂಗಿದರೆ ಯಾರ ಜೊತೆ ಜಗಳ?

ಕಾಣದ ಕೈಗಳು

ಬಸ್ತರಿನ ಡೋಕ್ರಾ ಮನೆಗಳಲ್ಲಿ ಮಣ್ಣು ಸೋಸುವುದು, ಕಲಸುವುದು, ಮೇಣದ ಎಳೆ ತೆಗೆಯುವುದು, ತಿಕ್ಕುವುದು, ಇದರಲ್ಲೆಲ್ಲ ಹೆಣ್ಣುಮಕ್ಕಳ ಕೈ ಇರುತ್ತದೆ. ಕೊಂಡಗಾಂವಿನ ಜಯದೇವ ಬಘೇಲ್ ಎಂಬ ಶಿಲ್ಪಿ ಈ ಕೆಲಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, ಹೊರದೇಶಗಳಿಗೂ ಈ ವಿದ್ಯೆಯನ್ನು ತೋರಿಸಿ ಬಂದರು. ಅದು ಇಡೀ ಸಮುದಾಯಕ್ಕೆ ಗೌರವದ ಮಾತು. ಆದರೆ ಮನೆಮನೆಯಲ್ಲಿ ಮೇಣದ ಎಳೆ ತೆಗೆದ ತಾಯಂದಿರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ನಮ್ಮ ಅಥಣಿಯ ಚಪ್ಪಲಿಯ ಕಥೆಯೂ ಇದೇ ಅಲ್ಲವೇ? ಜಗತ್ತು ಅದನ್ನು ಕೊಲ್ಹಾಪುರಿ ಚಪ್ಪಲಿ ಅನ್ನುತ್ತದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದಲ್ಲಿ ಎಷ್ಟೋ ಕುಟುಂಬಗಳು ಅದನ್ನು ಮಾಡಿಕೊಂಡು ಬಂದಿವೆ. ಗಂಡಸರು ಚರ್ಮ ಕತ್ತರಿಸುತ್ತಾರೆ, ಹೆಣ್ಣುಮಕ್ಕಳು ಹೊಲಿಯುತ್ತಾರೆ, ಪಟ್ಟಿ ಹೆಣೆಯುತ್ತಾರೆ. ದುಡ್ಡು ಬರುವಾಗ ಜೋಡಿಗೆ ಇಷ್ಟು ಅಂತ ಬರುತ್ತದೆ, ಹೊಲಿದ ಕೈಗೆ ಬೇರೆ ಲೆಕ್ಕ ಇಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅಥಣಿಯಲ್ಲಿ ಈ ಕುಟುಂಬಗಳ ಹೆಣ್ಣುಮಕ್ಕಳು ನಿಮ್ಮಂತೆಯೇ ಸ್ವಸಹಾಯ ಸಂಘ ಕಟ್ಟಿಕೊಂಡರು. ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಅವರ ಚಪ್ಪಲಿ ಪರದೇಶಕ್ಕೆ ಹೋಯಿತು. ಹೊಲಿಯುವ ಕೈ ಲೆಕ್ಕದ ವಹಿಯನ್ನೂ ಹಿಡಿಯಿತು.

2019ರಲ್ಲಿ ಈ ಚಪ್ಪಲಿಗೆ ಜಿ.ಐ. ಟ್ಯಾಗ್ ಸಿಕ್ಕಿತು. ಅಂದರೆ ಇದು ಇಂಥ ಊರುಗಳ ಜನರ ಕೈಕೆಲಸ ಎಂದು ಸರಕಾರದ ದಾಖಲೆಯಲ್ಲಿ ಬರೆದಿಟ್ಟ ಗುರುತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ, ಅದರಲ್ಲಿ ನಮ್ಮ ಬೆಳಗಾವಿಯೂ ಒಂದು. ಬಸ್ತರ್ ಡೋಕ್ರಾಕ್ಕೆ ಈ ಗುರುತು 2008ರಲ್ಲೇ ಸಿಕ್ಕಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಮೊದಲು ನಮ್ಮ ಹೆಸರೇ ಇರಲಿಲ್ಲ. ಜನ ಪ್ರಶ್ನೆ ಮಾಡಿದ ಮೇಲೆ, ಭಾರತದ ಕೈಕೆಲಸದಿಂದ ಪ್ರೇರಣೆ ಪಡೆದದ್ದು ಹೌದು ಎಂದು ಒಪ್ಪಿಕೊಂಡಿತು. ಕೇಳಿದ್ದರಿಂದ ಒಪ್ಪಿದರು. ಕೇಳದಿದ್ದರೆ?

2,900ಕ್ಕೆ ಯಾರು ಕೊಳ್ಳುತ್ತಾರೆ?

ನಿಮ್ಮ ಮನಸ್ಸಿನಲ್ಲಿ ಈಗ ಈ ಪ್ರಶ್ನೆ ಬಂದಿರುತ್ತದೆ. ಖರೆ ಹೇಳುತ್ತೇನೆ, ಎಲ್ಲರೂ ಕೊಳ್ಳುವುದಿಲ್ಲ. ಬೆಲೆ ಏರಿಸಿದರೆ ಮಾಲು ಮಳಿಗೆಯಲ್ಲೇ ಉಳಿಯಲೂಬಹುದು. ಮನೆಯಲ್ಲಿ ಮಗುವಿಗೆ ಜ್ವರ ಇದ್ದಾಗ, ಸಂಘದ ಕಂತು ಕಟ್ಟಬೇಕಾದಾಗ, 1,200ಕ್ಕೂ ಕೊಡಬೇಕಾಗುತ್ತದೆ. ಕೊಡಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ 1,700 ರೂಪಾಯಿ ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿದು ಕೊಡಿ. ತಿಳಿದು ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಆ ರಾಯಬಾಗದ ತಾಯಿ ಏನು ಮಾಡಿದರು ಕೇಳಿ. ದೊಡ್ಡ ಕೌದಿಯನ್ನು ಮಳಿಗೆಗೆ ಕೊಡುವುದು ನಿಲ್ಲಿಸಿದರು. ಆರ್ಡರ್ ಬಂದರೆ ಮಾತ್ರ, ಅರ್ಧ ದುಡ್ಡು ಮುಂಗಡ ಇಸಕೊಂಡು ಹೊಲಿಯುತ್ತಾರೆ. ಮಳಿಗೆಗೆ ಕೂಸಿನ ಸಣ್ಣ ಕೌದಿ ಮಾಡುತ್ತಾರೆ. ಖರ್ಚು 70, ಕೆಲಸ 12 ತಾಸು, ಅಂದರೆ ಒಂದೂವರೆ ದಿನ, ಕೂಲಿ 555. ಬೆಲೆ 625 ಆಗಬೇಕು. 550-600ಕ್ಕೆ ಹೋಗುತ್ತಿವೆ. ಪೂರ್ತಿ ಕೂಲಿ ಇನ್ನೂ ಗಿಟ್ಟಿಲ್ಲ, ಆದರೆ 127ರ ಕಾಲ ಹೋಯಿತು.

ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಒಂದು ದಿನ ಆ ತಾಯಿ ತಮ್ಮ ವಹಿ ತೋರಿಸುತ್ತ ಅಂದರು: “ಸಿಸ್ಟರ್, ಇಷ್ಟ ವರ್ಷ ‘ಏನ್ ಮಾಡ್ತೀ’ ಅಂತ ಯಾರರೆ ಕೇಳಿದ್ರ, ‘ಏನಿಲ್ರಿ, ಮನ್ಯಾಗ ಇರ್ತೀನಿ’ ಅಂತಿದ್ದೆ. 56 ತಾಸು ಬರದದ್ದ ನೋಡಿದ ಮ್ಯಾಲೆ ನನಗ ನಾನ ಹೊಸಾದಾಗಿ ಕಂಡ್ನಿ.”

ಇವತ್ತೇ ಮಾಡಬಹುದಾದ ಕೆಲಸ

1. ಉಳಿತಾಯ ಮತ್ತು ಸಾಲದ ವಹಿಯ ಜೊತೆ ಒಂದು ಕೈಕೆಲಸದ ವಹಿ ಇಡಿ. ನಾಲ್ಕೇ ಕಾಲಂ: ಸಾಮಾನಿನ ಖರ್ಚು, ಬಸ್ಸು-ಕರೆಂಟಿನ ಖರ್ಚು, ಎಷ್ಟು ತಾಸು, ಎಷ್ಟಕ್ಕೆ ಮಾರಿದ್ದು. ಬರೆಯಲು ಬಾರದವರು ತಾಸಿಗೊಂದು ಗೆರೆ ಹಾಕಿದರೂ ಸಾಕು, ಸಂಘದಲ್ಲಿ ಓದು ಬಂದವರು ಕೂಡಿಸಿ ಕೊಡಲಿ.

2. ಕೆಟ್ಟುಹೋದ ಮಾಲಿನ ಲೆಕ್ಕವೂ ಇರಲಿ. ಮಳೆಗೆ ತೊಯ್ದ ಹಪ್ಪಳವೂ ನಿಮ್ಮ ಖರ್ಚೇ.

3. ದರವನ್ನು ಸಂಘದ ಸಭೆಯಲ್ಲಿ ಕೂಡಿ ನಿರ್ಧರಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಬ್ಬಾಕೆ 100ಕ್ಕೆ, ಪಕ್ಕದಾಕೆ 80ಕ್ಕೆ ಕೊಟ್ಟರೆ ಗೆಲ್ಲುವವನು ದಲಾಲಿ.

4. ಮಾಲಿನ ಜೊತೆ ಒಂದು ಚೀಟಿ ಇಡಿ: ಮಾಡಿದ ಸಂಘ ಯಾವುದು, ಊರು ಯಾವುದು, ಎಷ್ಟು ತಾಸಿನ ಕೆಲಸ. ಗಿರಾಕಿಗೆ ತಿಳಿಸದೆ ಗಿರಾಕಿಯನ್ನು ಬೈಯುವುದು ನ್ಯಾಯವಲ್ಲ. ನನಗೂ ಆವತ್ತು ಯಾರಾದರೂ ತಿಳಿಸಿದ್ದರೆ ಚೌಕಾಸಿ ಮಾಡುತ್ತಿರಲಿಲ್ಲ.

5. ನೀವು ಕೊಳ್ಳುವಾಗಲೂ ನೆನಪಿಡಿ. ಪಣತಿ ಮಾರುವ ಕುಂಬಾರಗಿತ್ತಿಯ ಹತ್ತಿರ, ಬುಟ್ಟಿ ಹೆಣೆಯುವವಳ ಹತ್ತಿರ ಎರಡು ರೂಪಾಯಿಗೆ ಹಟ ಮಾಡಬೇಡಿ. ಡೋಕ್ರಾ ದೀಪ ಅಂತ ಯಾರಾದರೂ ತೋರಿಸಿದರೆ ತಿರುಗಿಸಿ ನೋಡಿ. ಎರಡು ಅಚ್ಚು ಕೂಡಿಸಿದ ಗೆರೆ ಇದ್ದರೆ, ಸಾಲಾಗಿ ಎಲ್ಲವೂ ಒಂದೇ ತರಹ ಇದ್ದರೆ, ಅದು ಕಾರ್ಖಾನೆಯ ನಕಲು. ಕೈ ಎರಕದಲ್ಲಿ ಕೂಡಿಸಿದ ಗೆರೆ ಇರುವುದಿಲ್ಲ, ಹಲವು ಸಲ ಒಳಗೆ ಕಪ್ಪು ಮಣ್ಣು ಉಳಿದಿರುತ್ತದೆ.

ದೀಪ ಹಚ್ಚಿ ಹುಡುಕಿದವಳು

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತಾರೆ. ಅವಳ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇದ್ದವು. ಒಂದು ಕಳೆಯಿತು. ಒಂಬತ್ತು ಇದೆಯಲ್ಲ ಎಂದು ಅವಳು ಸುಮ್ಮನಿರಲಿಲ್ಲ. ದೀಪ ಹಚ್ಚಿದಳು, ಮನೆಯೆಲ್ಲ ಗುಡಿಸಿದಳು, ಸಿಗುವ ತನಕ ಹುಡುಕಿದಳು. ಸಿಕ್ಕ ಮೇಲೆ ಗೆಳತಿಯರನ್ನು, ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳು. ಕಳೆದುಹೋದವರನ್ನು ದೇವರು ಹಾಗೆ ಹುಡುಕುತ್ತಾರೆ ಎನ್ನುವುದು ಆ ಕಥೆಯ ಅರ್ಥ. ನನಗೆ ಇನ್ನೊಂದೂ ಕಾಣುತ್ತದೆ. ಹತ್ತು ಎಂದು ಎಣಿಸಿ ಇಟ್ಟಿದ್ದಳು, ಅದಕ್ಕೇ ಒಂದು ಕಳೆದದ್ದು ಅವಳಿಗೆ ತಿಳಿಯಿತು. ಎಣಿಸದೆ ಇದ್ದವಳಿಗೆ ಕಳೆದದ್ದೂ ತಿಳಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಕಳೆದುಹೋದ ಆ ನಾಣ್ಯ ನಮ್ಮದೇ ಕೈಯ ಕೂಲಿ. ನಮ್ಮಲ್ಲಿ ಹಿಂದೂ, ಮುಸಲ್ಮಾನ, ಜೈನ, ಕ್ರೈಸ್ತ ಎಲ್ಲರೂ ಇದ್ದೀರಿ. ಯಾವ ದೇವರ ಮುಂದೆ ದೀಪ ಹಚ್ಚಿದರೂ ಬೆಳಕು ಒಂದೇ. ಇವತ್ತು ರಾತ್ರಿ ಆ ಬೆಳಕಿನಲ್ಲಿ ಹತ್ತು ನಿಮಿಷ ಕುಳಿತು, ಈ ವಾರ ಎಷ್ಟು ತಾಸು ಕೈಕೆಲಸ ಮಾಡಿದಿರಿ ಎಂದು ಬರೆಯಿರಿ. ಮುಂದಿನ ಸಭೆಗೆ ಬರುವಾಗ ಆ ಹಾಳೆ ತನ್ನಿ, ಕೂಡಿ ಎಣಿಸೋಣ.

ಈ ಆನೆ ದೀಪವನ್ನು ಇನ್ನು ನಮ್ಮ ಸಭೆಯ ಮೇಜಿನ ಮೇಲೆ ಇಡುತ್ತೇನೆ. 500 ರೂಪಾಯಿ ಉಳಿಸಿದೆ ಎಂದು ಖುಷಿಪಟ್ಟವಳು ನಾನು. ಆ ದಂಪತಿಗಳನ್ನು ಮತ್ತೆ ಹುಡುಕುವುದು ನನ್ನಿಂದ ಆಗಲಿಲ್ಲ. ನಿಮ್ಮಲ್ಲಿ ಒಬ್ಬಳಾದರೂ ತನ್ನ ತಾಸುಗಳನ್ನು ಎಣಿಸಿ ತನ್ನ ದರವನ್ನು ಬಾಯಿಬಿಟ್ಟು ಹೇಳಿದರೆ, ಆ ತಾಯಿಯ ಋಣದಲ್ಲಿ ಸ್ವಲ್ಪವಾದರೂ ತೀರಿತು ಅಂದುಕೊಳ್ಳುತ್ತೇನೆ.

ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.